ಮೇಸ್ತ್ರಿಗೆ ಕೇಳಿ: ಎರಡು-ಮೂರು ಬೈಕ್ ಇಟ್ಟುಕೊಂಡವರ ತಕರಾರು (ತುಮಕೂರು)

ಶಿರಾ ಗೇಟ್: ಅಣ್ಣಾ, ಆಫೀಸಿಗೆ ಸ್ಪ್ಲೆಂಡರ್, ಭಾನುವಾರ ದೇವರಾಯನದುರ್ಗದ ಕಡೆಗೆ ಹಿಮಾಲಯನ್ 411. ಹಿಮಾಲಯನ್ ಹತ್ತು ದಿನ ನಿಂತರೆ ಸೆಲ್ಫ್ ಎತ್ತಲ್ಲ, ಟಕ್ ಟಕ್ ಅನ್ನುತ್ತೆ ಅಷ್ಟೇ. ಎರಡು ಬ್ಯಾಟರಿ ಬದಲಾಯಿಸಿದ್ದಾಯ್ತು. ಯುಎಸ್‌ಬಿ ಚಾರ್ಜರ್, ಜಿಪಿಎಸ್ ಟ್ರ್ಯಾಕರ್ ಹಾಕ್ಸಿದೀನಿ.

ಮೇಸ್ತ್ರಿ: ಮೂರನೇ ಬ್ಯಾಟರಿ ತಗೋಬೇಡಿ, ಕರೆಂಟ್ ಎಲ್ಲಿ ಸೋರುತ್ತಿದೆ ನೋಡಿ. ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಮೊದಲು ನೆಗೆಟಿವ್ವೇ, ಪಾಸಿಟಿವ್ ಮೊದಲು ಬಿಚ್ಚೋವಾಗ ಸ್ಪ್ಯಾನರ್ ಚಾಸಿಗೆ ತಾಗಿದರೆ ಕಿಡಿ ಹಾರುತ್ತೆ. ಮಲ್ಟಿಮೀಟರಿನ (ಕರೆಂಟ್ ಅಳೆಯೋ ಮೀಟರು) ಕೆಂಪು ವೈರನ್ನ 10 ಆಂಪಿಯರ್ ತೂತಿಗೆ ಹಾಕಿ, ಬಿಚ್ಚಿದ ವೈರಿಗೂ ಬ್ಯಾಟರಿ ನೆಗೆಟಿವ್‌ಗೂ ನಡುವೆ ಹಿಡಿಯಿರಿ. ಆಗ ಸೆಲ್ಫ್ ಒತ್ತಿದರೆ ಮೀಟರ್ ಫ್ಯೂಸ್ ಹೋಯ್ತು ಅಂತಲೇ ಲೆಕ್ಕ. ಒಂದೆರಡು ಮಿಲಿಆಂಪಿಯರ್ ಇದ್ದರೆ ಚಿಂತೆಯಿಲ್ಲ. 25 ಇದ್ದರೆ ದಿನಕ್ಕೆ 0.6 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯೋ ಚಾರ್ಜಿನ ಅಳತೆ) ಹೋಗುತ್ತೆ. 8 ಎಎಚ್ ಬ್ಯಾಟರಿ ಹದಿಮೂರು ದಿನಕ್ಕೆ ಪೂರ್ತಿ ಖಾಲಿ, ಸೆಲ್ಫ್ ಅದಕ್ಕೂ ಮೊದಲೇ ಕೈಕೊಡುತ್ತೆ. ಫ್ಯೂಸ್ ಒಂದೊಂದಾಗಿ ಕೀಳಿ, ಯಾವುದು ಕಿತ್ತಾಗ ಅಂಕಿ ಬೀಳುತ್ತೋ ಕಳ್ಳ ಅಲ್ಲಿದ್ದಾನೆ. ಹೊರಗಡೆ ಹಾಕಿಸಿದ್ದಕ್ಕೆ ಫ್ಯೂಸೇ ಇಟ್ಟಿರಲ್ಲ, ಅದರ ವೈರ್ ಕೈಯಾರೆ ಬಿಚ್ಚಿ ನೋಡಿ.

ಪಾವಗಡ: ವಾಟ್ಸ್ಯಾಪಲ್ಲಿ ಬಂದಿದೆ: ಸೀಲ್ಡ್ ಬ್ಯಾಟರಿ ಮುಚ್ಚಳ ಎಬ್ಬಿಸಿ ನೀರು ತುಂಬಿದ್ರೆ ಹೊಸದರ ಥರ ಆಗುತ್ತಂತೆ?

ಮೇಸ್ತ್ರಿ: ಎಬ್ಬಿಸಬೇಡಿ. ಆಸಿಡ್ ಇದೆ, ಕಣ್ಣಿಗೆ ಹಾರುತ್ತೆ. ಬೋರ್‌ವೆಲ್ ನೀರು ಹಾಕಿದರೆ ಅದರ ಉಪ್ಪಿನಂಶಕ್ಕೆ ಇದ್ದ ಪ್ಲೇಟೂ ಹಾಳು. ಅದನ್ನ ಫಾರ್ವರ್ಡ್ ಮಾಡಿದವರ ಬೈಕಿಗೆ ಮೊದಲು ಹಾಕಿ.

ಕುಣಿಗಲ್: ದಿನಾ 5 ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಸಾಕಲ್ವಾ?

ಮೇಸ್ತ್ರಿ: ಸಾಲದು. ಸೆಲ್ಫ್ ತಿಂದದ್ದು ಐಡಲ್‌ನಲ್ಲಿ (ನಿಂತಲ್ಲೇ ಇಂಜಿನ್ ತಿರುಗೋವಾಗ) ವಾಪಸ್ ಬರಲ್ಲ, ಸೈಲೆನ್ಸರ್‌ನಲ್ಲೂ ಆಯಿಲ್‌ನಲ್ಲೂ ನೀರಿನ ಪಸೆ ನಿಲ್ಲುತ್ತೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ.

ಗುಬ್ಬಿ: ಇಷ್ಟೆಲ್ಲಾ ಯಾಕೆ? ಒಂದು ಸ್ಪ್ಲೆಂಡರ್ ಸಾಕು, ದೇವರಾಯನದುರ್ಗ ಅದರಲ್ಲೇ ಹತ್ತುತ್ತೆ.

ಮಧುಗಿರಿ: ಹತ್ತುತ್ತೆ ಸ್ವಾಮಿ. ಕಲ್ಲು ದಾರೀಲಿ, ಹೆಂಡತಿ-ಲಗೇಜ್ ಸಮೇತ ಎಳೀರಿ ನೋಡೋಣ.

ಗುಬ್ಬಿ: ಕಲ್ಲು ದಾರಿಗೆ ವರ್ಷಕ್ಕೆ ನಾಲ್ಕು ಸಲ ಹೋಗೋಕೆ ಎರಡನೇ ಇನ್ಶೂರೆನ್ಸು, ಎರಡನೇ ಹೊಗೆ ಸರ್ಟಿಫಿಕೇಟು. ಶೋಕಿ ಅಂತಾರೆ ಇದಕ್ಕೆ.

ಮಧುಗಿರಿ: ನಿಮ್ಮ ಜೇಬಿಂದ ಕೊಡ್ತೀರಾ?

ಕೊರಟಗೆರೆ: ಬ್ಲಾಕ್ ಟೈರಲ್ಲಿ (ಕಲ್ಲು-ಮಣ್ಣಿನ ದಾರಿಗೆ ಹಾಕೋ ದಪ್ಪ ಕಚ್ಚಿನದು) ಒದ್ದೆ ಟಾರ್ ರೋಡಿಗೆ ಎಷ್ಟು ಗಾಳಿ ಹಿಡಿಸಬೇಕು?

ಕುಣಿಗಲ್: ಕಾರ್ಬುರೇಟರ್ ಗಾಡಿ ತಿಂಗಳು ನಿಲ್ಲಿಸಬೇಕು. ಟ್ಯಾಂಕಿಗೆ ಕರ್ಪೂರ ಹಾಕಿದ್ರೆ ಪೆಟ್ರೋಲ್ ಕೆಡಲ್ಲ ಅಂತಾರೆ, ನಿಜವಾ?

ಮೇಸ್ತ್ರಿ: ಕರ್ಪೂರ ದೇವರಿಗೆ ಹಚ್ಚಿ. ಪೆಟ್ರೋಲ್ ಟ್ಯಾಪ್ ಮುಚ್ಚಿ, ತಾನಾಗಿ ಆಫ್ ಆಗೋವರೆಗೂ ಓಡಿಸಿ, ಕಾರ್ಬುರೇಟರ್ ಬೌಲಿನ (ಪೆಟ್ರೋಲ್ ನಿಲ್ಲೋ ಬಟ್ಟಲು) ಕೆಳಗಿನ ಸ್ಕ್ರೂ ಸಡಿಲಿಸಿ ಉಳಿದದ್ದು ಇಳಿಸಿ. ಇಲ್ಲಾಂದ್ರೆ ಅಂಟು ಕಟ್ಟಿ ಪೈಲಟ್ ಜೆಟ್ (ಐಡಲ್‌ಗೆ ಪೆಟ್ರೋಲ್ ಬಿಡೋ ಸಣ್ಣ ತೂತು) ಮುಚ್ಚುತ್ತೆ, ಐಡಲ್ ನಿಲ್ಲಲ್ಲ. ಟ್ಯಾಂಕ್ ಮಾತ್ರ ಫುಲ್ ಇರಲಿ, ಖಾಲಿ ಜಾಗ ಇದ್ದಷ್ಟೂ ಒಳಗೆ ತುಕ್ಕು. ಪೆಟ್ರೋಲಿಗೆ ಬೆರೆಸಿರೋ ಎಥೆನಾಲ್ ನೀರು ಹೀರುತ್ತೆ, ಹೆಚ್ಚಾದರೆ ಬೇರ್ಪಟ್ಟು ತಳಕ್ಕೆ ಕೂರುತ್ತೆ.

ಪಾವಗಡ: ಹಾಗಾದ್ರೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಬಹುದಾ?

ಮೇಸ್ತ್ರಿ: ಮೇಲೆ ಓದಿ.

ಶಿರಾ ಗೇಟ್: ಅಣ್ಣಾ, ಮೀಟರ್ 28 ಮಿಲಿಆಂಪಿಯರ್ ತೋರಿಸ್ತು. ಟ್ರ್ಯಾಕರ್ ಬಿಚ್ಚಿದಾಗ 9, ಯುಎಸ್‌ಬಿ ಬಿಚ್ಚಿದಾಗ 1.

ಮೇಸ್ತ್ರಿ: ಯುಎಸ್‌ಬಿಯನ್ನ ಕೀ ಆನ್ ಆದಾಗ ಮಾತ್ರ ಕರೆಂಟ್ ಬರೋ ಲೈನಿಗೆ ರಿಲೇ (ಕರೆಂಟಿಂದ ತಾನಾಗಿ ಆನ್-ಆಫ್ ಆಗೋ ಸ್ವಿಚ್ಚು) ಮೂಲಕ ಕೊಡಿ. ಟ್ರ್ಯಾಕರ್ ಬೇಕೇ ಬೇಕಾದರೆ ಗಾಡಿ ನಿಂತಾಗ ಬೈಕ್ ಚಾರ್ಜರ್ ಹಾಕಿ: 0.8 ಆಂಪಿಯರ್, 14.4 ವೋಲ್ಟ್. ಕಾರ್ ಚಾರ್ಜರ್ ಬೇಡ. ಚಾರ್ಜ್ ಆಗಿ ಒಂದು ರಾತ್ರಿ ಬಿಟ್ಟು ನೋಡಿ, 12.4 ವೋಲ್ಟಿಗಿಂತ ಕೆಳಗಿದ್ದರೆ ಆ ಬ್ಯಾಟರಿ ಸತ್ತಂತೆ.

ಗುಬ್ಬಿ: ಸ್ಪ್ಲೆಂಡರ್‌ಗೆ ಕಿಕ್ಕರ್ ಇದೆ. ಸುಮ್ನೆ ಹೇಳಿದೆ.

ಕೊರಟಗೆರೆ: ಗಾಳಿ ಎಷ್ಟು ಅಂತ ಕೇಳಿದ್ದೆ.