ಡ್ರೈವರ್ 170 ಯಾರ್ಡ್ ದಾಟ್ತಾ ಇಲ್ಲ, ಜೋರಾಗಿ ಹೊಡೆದಷ್ಟೂ ಬಲಕ್ಕೆ ಹೋಗುತ್ತೆ

ಮೈಸೂರು ಸ್ಲೈಸ್:

ನಮಸ್ಕಾರ. ವಯಸ್ಸು 53, ಗಾಲ್ಫ್ ಶುರು ಮಾಡಿ ಮೂರು ವರ್ಷ. ಅದಕ್ಕೂ ಮೊದಲು ಇಪ್ಪತ್ತು ವರ್ಷ ಭಾನುವಾರದ ಟೆನಿಸ್ ಬಾಲ್ ಕ್ರಿಕೆಟ್. ನಿಂತ ಚೆಂಡು ತಾನೇ, ಇದೇನು ಮಹಾ ಅಂದುಕೊಂಡು ಬಂದವನು ನಾನು.

ಸೆವೆನ್ ಐರನ್ (ಮಧ್ಯಮ ದೂರದ ಕ್ಲಬ್ಬು, ಅಂದರೆ ಹೊಡೆಯುವ ಕೋಲು) 130 ಯಾರ್ಡ್ ನೆಟ್ಟಗೆ ಹೋಗುತ್ತದೆ. ಎಲ್ಲಕ್ಕಿಂತ ದೂರ ಹೊಡೆಯಬೇಕಾದ ಕ್ಲಬ್ಬು ಡ್ರೈವರ್ ಹಿಡಿದರೆ 170 ಅಷ್ಟೇ. ಅದೂ ಎಡಕ್ಕೆ ಹೊರಟು, ಕುಡುಗೋಲಿನ ಹಾಗೆ ಬಾಗಿ, ಬಲಗಡೆ ಮರದ ಬುಡಕ್ಕೆ. ಜೊತೆಗೆ ಆಡುವವರು 68 ವರ್ಷದ ರಿಟೈರ್ಡ್ ಮೇಷ್ಟ್ರು. ಸಣಕಲು ಮೈ. ಕಾಫಿ ಲೋಟ ಎತ್ತಿದಷ್ಟು ನಿಧಾನಕ್ಕೆ ಕ್ಲಬ್ ಎತ್ತುತ್ತಾರೆ, ಚೆಂಡು 200 ದಾಟಿರುತ್ತದೆ. ಆಮೇಲೆ ನನ್ನ ಚೆಂಡು ಹುಡುಕಲು ಅವರೂ ಪೊದೆಗೆ ಇಳಿಯುತ್ತಾರೆ. ಅದೇ ಜಾಸ್ತಿ ಉರಿಯೋದು.

ಬೆಂಗಳೂರಿನ ಒಂದು ಅಂಗಡಿಯಲ್ಲಿ ವೇಗ ಅಳೆಯುವ ಯಂತ್ರದ (ಲಾಂಚ್ ಮಾನಿಟರ್) ಮುಂದೆ ಹೊಡೆದೆ. ಕ್ಲಬ್ ವೇಗ ಗಂಟೆಗೆ 88 ಮೈಲಿ, ಚೆಂಡಿನ ವೇಗ 116 ಅಂತ ಬಂತು. "ಹೊಸ ಡ್ರೈವರ್ ತಗೊಳ್ಳಿ ಸರ್, 20 ಯಾರ್ಡ್ ಗ್ಯಾರಂಟಿ" ಅಂದ ಹುಡುಗ. ಬೆಲೆ ಕೇಳಿ ಮೆಲ್ಲಗೆ ಕೆಳಗಿಟ್ಟು ಬಂದೆ. ನಿಜವಾಗಲೂ ಬೇಕಾ? ಇಲ್ಲ ಜಿಮ್‌ಗೆ ಸೇರಲಾ?

ಹಳೇ ಕ್ಯಾಡಿ:

ಸರ್, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. 116 ಅನ್ನು 88ರಿಂದ ಭಾಗಿಸಿ. 1.32 ಬಂತು. ಡ್ರೈವರ್‌ನ ನಟ್ಟನಡುವೆ ತಾಗಿದರೆ ಅದು 1.5ರ ಹತ್ತಿರ ಇರಬೇಕು. ಬೇಡ, 1.45 ಅಂದುಕೊಳ್ಳಿ. ಅದೇ 88ಕ್ಕೆ ಚೆಂಡು 127ರಲ್ಲಿ ಹೊರಡುತ್ತದೆ. ಚೆಂಡಿನ ವೇಗ ಒಂದು ಮೈಲಿ ಏರಿದರೆ ದೂರ ಸುಮಾರು ಎರಡು ಯಾರ್ಡ್ ಏರುತ್ತೆ. ಆ ಹುಡುಗ ಹೇಳಿದ 20 ಯಾರ್ಡ್ ನಿಮ್ಮ ಹಳೇ ಡ್ರೈವರ್‌ನಲ್ಲೇ ಕೂತಿದೆ.

ಮೊದಲು ಎಲ್ಲಿ ತಾಗ್ತಿದೆ ನೋಡಿ. ವೈಟ್‌ಬೋರ್ಡ್ ಮಾರ್ಕರ್‌ನಿಂದ ಚೆಂಡಿಗೆ ದಪ್ಪ ಚುಕ್ಕೆ ಇಡಿ. ಚುಕ್ಕೆ ಕ್ಲಬ್ ಕಡೆ ಇರುವಂತೆ ಟೀ ಮೇಲೆ, ಅಂದರೆ ನೆಲಕ್ಕೆ ಚುಚ್ಚುವ ಪುಟ್ಟ ಗೂಟದ ಮೇಲೆ ಕೂರಿಸಿ. ಹೊಡೆದ ಮೇಲೆ ಗುರುತು ಡ್ರೈವರ್ ಮುಖಕ್ಕೆ ಅಂಟಿರುತ್ತೆ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತೆ. ನನ್ನ ಪ್ರಕಾರ ಹೀಲ್ ಕಡೆ, ಶಾಫ್ಟ್ (ಕ್ಲಬ್ಬಿನ ಕೋಲು) ಹತ್ತಿರ ತಾಗ್ತಿದೆ.

ನೀವು ಜೋರು ಅಂದ ತಕ್ಷಣ ಬಲಭುಜ ಮುಂದೆ ನುಗ್ಗುತ್ತೆ. ಕ್ಲಬ್ಬು ಹೊರಗಿನಿಂದ ಒಳಕ್ಕೆ ಚೆಂಡನ್ನು ಕೊಯ್ದುಕೊಂಡು ಬರುತ್ತೆ. ಅದರ ಮುಖ ಆ ದಾರಿಗಿಂತ ಬಲಕ್ಕೆ ತೆರೆದಿರುತ್ತೆ. ಎಡಕ್ಕೆ ಹೊರಟು ಬಲಕ್ಕೆ ಬಾಗುತ್ತೆ ಅಂದ್ರಲ್ಲ, ಅದೇ ಸಾಕ್ಷಿ. ಸೆವೆನ್ ಐರನ್‌ನಲ್ಲೂ ಇದನ್ನೇ ಮಾಡ್ತಿರ್ತೀರಿ. ಅದಕ್ಕೆ ಲಾಫ್ಟ್, ಅಂದರೆ ಮುಖದ ಓರೆ, ಜಾಸ್ತಿ, ಹಾಗಾಗಿ ತಪ್ಪು ಅಷ್ಟು ಕಾಣಲ್ಲ.

ಚಿಕ್ಕಂದಿನಲ್ಲಿ ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲು ಕುಪ್ಪಳಿಸಿದ್ದೀರಲ್ವಾ? ಮೊದಲು ಎಡಗಾಲಿಗೆ ಭಾರ. ಆಮೇಲೆ ಸೊಂಟ ತಿರುಗುತ್ತೆ. ಬಲ ಮೊಣಕೈ ಪಕ್ಕೆ ಸವರಿಕೊಂಡು ಬರುತ್ತೆ. ಮಣಿಕಟ್ಟು ಕಟ್ಟಕಡೆಗೆ. ಕ್ಲಬ್ಬು ಕೆಳಗೆ ಬೀಸುವ ಡೌನ್‌ಸ್ವಿಂಗ್‌ಗೂ ಇದೇ ಸರದಿ. ನೀವು ಕಡೆಯದನ್ನ ಮೊದಲು ಮಾಡ್ತಿದ್ದೀರಿ.

ತಾರಸಿಗೆ ಹೋಗಿ ಡ್ರೈವರ್ ಉಲ್ಟಾ ಹಿಡಿಯಿರಿ, ಕ್ಲಬ್ಬಿನ ತಲೆಯ ಹತ್ತಿರ. ಬೀಸಿ. "ಸುಯ್" ಅನ್ನುವ ಸದ್ದು ಎಲ್ಲಿ ಬರುತ್ತೆ ಕೇಳಿಸಿಕೊಳ್ಳಿ. ಬಲ ಕಿವಿ ಹತ್ತಿರ ಬಂದರೆ ವೇಗವೆಲ್ಲ ಮೇಲೇ ಖರ್ಚಾಯಿತು ಅಂತ. ಸದ್ದು ಎಡಪಾದ ದಾಟಿ ಬರಬೇಕು. ದಿನಕ್ಕೆ ಇಪ್ಪತ್ತು ಸಾಕು. ಟೀ ಮೇಲೆ ಚೆಂಡು ಎಡ ಹಿಮ್ಮಡಿಯ ನೇರಕ್ಕಿರಲಿ, ಅರ್ಧ ಚೆಂಡು ಡ್ರೈವರ್ ನೆತ್ತಿಗಿಂತ ಮೇಲೆ ಕಾಣಲಿ.

ಕಡಲತೀರದವ:

ಮಂಗಳೂರಿಗೆ ಬರಬೇಡಿ ಮಾರಾಯ್ರೇ. ಮೈಸೂರು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ, ಗಾಳಿ ತೆಳು. ಇಲ್ಲಿ ನಿಮ್ಮ 170 ಇನ್ನೂ ನಾಲ್ಕೈದು ಯಾರ್ಡ್ ಕಮ್ಮಿ.

ಬೋಗಿ ಅಮ್ಮ, ಬೆಂಗಳೂರು:

ಗ್ರಿಪ್ ಒಮ್ಮೆ ನೋಡಿಕೊಳ್ಳಿ. ಮೇಲಿಂದ ನೋಡಿದಾಗ ಎಡಗೈಯ ಎರಡು ಮೂರು ಗೆಣ್ಣು ಕಾಣಬೇಕು. ನನಗೆ ಒಂದೇ ಕಾಣ್ತಿತ್ತು, ಚೆಂಡೆಲ್ಲ ಬಲಕ್ಕೆ. ಹಿಡಿತವೂ ಬಿಗಿ, ಬೆರಳ ತುದಿ ಬೆಳ್ಳಗಾಗುವಷ್ಟು.

ದೂರದ ಚಿಂತೆಯನ್ನೂ ಸ್ವಲ್ಪ ಇಳಿಸಿ. ನಮ್ಮ ಬೆಂಗಳೂರಿನ ಗಾಲ್ಫರ್ ಅದಿತಿ ಅಶೋಕ್ ದೂರ ಹೊಡೆಯುವವರ ಸಾಲಿನವರಲ್ಲ. ಆದರೂ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಒಂದೇ ಒಂದು ಹೊಡೆತದಲ್ಲಿ ಪದಕದ ಪ್ಲೇಆಫ್ ತಪ್ಪಿತು. ಆವತ್ತು ಬೆಳಗ್ಗೆ ಟಿವಿ ಮುಂದೆ ಕೂತವಳು ತಿಂಡಿ ಮಾಡೋದೇ ಮರೆತಿದ್ದೆ.

ಮೈಸೂರು ಸ್ಲೈಸ್:

ಮೂರು ವಾರದ ವರದಿ. ಮಾರ್ಕರ್ ಚುಕ್ಕೆ ಹತ್ತರಲ್ಲಿ ಎಂಟು ಸಲ ಹೀಲ್ ಕಡೆಗೇ, ನಡುವಿನಿಂದ ಎರಡು ಬೆರಳು ಆಚೆ. ಕ್ಯಾಡಿಯವರು ನೋಡದೇ ಹೇಳಿದ್ದು ಹೇಗೆ!

ತಾರಸಿಯಲ್ಲಿ ಮೊದಲ ದಿನ ಸದ್ದು ಬಲ ಕಿವಿ ಪಕ್ಕದಲ್ಲೇ. ಜೋರು ಬಿಟ್ಟು ಮೇಷ್ಟ್ರ ಹಾಗೆ ನಿಧಾನಕ್ಕೆ ಎತ್ತಿದೆ, ಮೆಲ್ಲಮೆಲ್ಲಗೆ ಮುಂದೆ ಬಂತು. ಬೆಳಗ್ಗೆ ಆರಕ್ಕೆ ಮೇಲೆ ಯಾರು ಚಾಪೆ ಕೊಡವೋದು ಅಂತ ಬಾಡಿಗೆಯವರು ಕೇಳಿದರು. ಈಗ ಐದರಲ್ಲಿ ಎರಡು ಚೆಂಡು 190 ಹತ್ತಿರ, ಹೆಚ್ಚುಕಮ್ಮಿ ನೆಟ್ಟಗೆ. ಉಳಿದ ಮೂರಕ್ಕೆ ಮೇಷ್ಟ್ರು ಇದ್ದಾರೆ.

ಒಂದು ಹೊಸ ತಲೆನೋವು. ಟೀ ಎತ್ತರಿಸಿದ ಮೇಲೆ ಡ್ರೈವರ್ ನೆತ್ತಿಯ ಮೇಲೆ ಬಿಳಿ ಗೀರು ಬೀಳ್ತಿದೆ. ಚೆಂಡು ಆಕಾಶಕ್ಕೆ ಹೋಗಿ ಅಲ್ಲೇ ಬೀಳುತ್ತೆ. ಟೀ ತಗ್ಗಿಸಲಾ?

ಹಳೇ ಕ್ಯಾಡಿ:

ತಗ್ಗಿಸಬೇಡಿ ಸರ್. ಇನ್ನೂ ಮೇಲಿಂದ ಕುಟ್ತಿದ್ದೀರಿ, ಒನಕೆ ಥರ. ನಿಂತಾಗಲೇ ಬಲಭುಜ ಎಡಕ್ಕಿಂತ ಸ್ವಲ್ಪ ಕೆಳಗಿರಲಿ, ಆಗ ಕ್ಲಬ್ಬು ಕೆಳಗಿನಿಂದ ಏರುತ್ತಾ ಚೆಂಡಿಗೆ ತಾಗುತ್ತೆ. ಗೀರಿಗೆ ಈಗಲೇ ಪಾಲಿಶ್ ಹಾಕಿಸಬೇಡಿ. ಇನ್ನೂ ನಾಲ್ಕೈದು ಬೀಳ್ತವೆ.