ಸಹಾಯ ಬೇಕು: ಉಪ್ಪುನೀರಲ್ಲಿ ಕುಗ್ಗಿದ ಈರುಳ್ಳಿ ಕೋಶ ಮತ್ತೆ ಉಬ್ಬುತ್ತಿಲ್ಲ

ಕೆಂಪು ಈರುಳ್ಳಿ ಎಸಳಿನ ಹೊರಮೈಯ ತೆಳು ಸಿಪ್ಪೆಯಲ್ಲಿ ಪ್ಲಾಸ್ಮೊಲೈಸಿಸ್ (ಉಪ್ಪುನೀರಲ್ಲಿ ಕೋಶದ ನೀರು ಹೊರಹೋಗಿ ಒಳಭಾಗ ಕುಗ್ಗೋದು) ತೋರಿಸ್ತಾ ಇದ್ದೀವಿ. ಗುಲಾಬಿ ಬಣ್ಣ ಕೋಶದೊಳಗಿನ ರಸದ ಚೀಲದಲ್ಲೇ (ರಸದಾನಿ) ಇರೋದ್ರಿಂದ ಬೇರೆ ಬಣ್ಣ ಹಾಕಬೇಕಿಲ್ಲ. 100 ಮಿ.ಲೀ. ನೀರಿಗೆ 5 ಗ್ರಾಂ ಉಪ್ಪು. ಸ್ಲೈಡ್ ಮೇಲಿನ ಸಿಪ್ಪೆಗೆ ಮುಚ್ಚಿದ ತೆಳು ಗಾಜಿನ ಕವರ್ ಸ್ಲಿಪ್‌ನ ಒಂದಂಚಿಗೆ ಹನಿ ಬಿಟ್ಟು ಎದುರಂಚಿಂದ ಬ್ಲಾಟಿಂಗ್ ಪೇಪರಲ್ಲಿ ಎಳೀತೀವಿ. ಕೆಲವೇ ನಿಮಿಷದಲ್ಲಿ ಕೋಶಪೊರೆ ಭಿತ್ತಿಯಿಂದ ಬಿಟ್ಟುಕೊಂಡು, ಬಣ್ಣ ಗಾಢವಾಗಿ ಮಧ್ಯಕ್ಕೆ ಗುಂಡಗೆ ಸೇರುತ್ತೆ. ನೋಡೋಕೆ ನಿಜಕ್ಕೂ ಚೆಂದ.

ತೊಡಕು ಆಮೇಲಿಂದು. ಬರೀ ನೀರು ಹರಿಸಿದ್ರೆ ಕೆಲವು ಕೋಶ ಮಾತ್ರ ಉಬ್ಬಿ ಮತ್ತೆ ಭಿತ್ತಿಗೆ ಒತ್ತಿಕೊಳ್ಳುತ್ತೆ. ಉಳಿದವುಗಳಲ್ಲಿ ಗುಲಾಬಿ ಗುಂಡು ತಟ್ಟನೆ ಮಾಸಿ, ಖಾಲಿ ಪೆಟ್ಟಿಗೆ ಥರ ಕಾಣುತ್ತೆ. ಪೊರೆ ಒಡೆದಿದೆ ಅನ್ನೋದು ಸ್ಪಷ್ಟ, ಯಾಕೆ ಅನ್ನೋದೇ ಗೊತ್ತಾಗ್ತಿಲ್ಲ. ಉಪ್ಪಿನಲ್ಲಿಡೋ ಸಮಯ 10 ನಿಮಿಷದಿಂದ 3ಕ್ಕೆ ಇಳಿಸಿದ್ವಿ, ಬಟ್ಟಿ ಇಳಿಸಿದ ನೀರು ಹಾಕಿದ್ವಿ, ಹರಿದ ಅಂಚು ಬಿಟ್ಟು ನಡುವಿನ ಕೋಶಗಳನ್ನೇ ನೋಡಿದ್ವಿ. ಏನೂ ಬದಲಾಗಲಿಲ್ಲ.

ಉಪ್ಪು ಜಾಸ್ತಿಯಾಗಿ ಪೊರೆಗೆ ಮೊದಲೇ ಪೆಟ್ಟಾಗಿದ್ಯಾ, ಇಲ್ಲಾ ನೀರು ಒಮ್ಮೆಲೇ ನುಗ್ಗಿ ಒಡೀತಿದ್ಯಾ? ಶೇ. 5ರಿಂದ 3, 2, 1 ಅಂತ ಹಂತಹಂತವಾಗಿ ಇಳಿಸಬೇಕಾ, ಅಥವಾ ಸಕ್ಕರೆ ದ್ರಾವಣವೇ ವಾಸಿನಾ? ಮಾಡಿ ನೋಡಿದವರು ಸಾಂದ್ರತೆ ಎಷ್ಟು, ಪ್ರತಿ ಹಂತಕ್ಕೆ ಎಷ್ಟು ನಿಮಿಷ ಅಂತ ತಿಳಿಸ್ತೀರಾ?