ಬಚ್ಚಲುಮನೆಗೆ ಹಳೆಯ ಮರದ ಕಪಾಟು: ಪಾಲಿಷ್ ಮೇಲೆ ಬಣ್ಣ ನಿಲ್ಲುವುದೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಶಿವಾಜಿನಗರದ ಹಳೆಯ ಪೀಠೋಪಕರಣಗಳ ಅಂಗಡಿಯೊಂದರಿಂದ ಸುಮಾರು ಮೂರಡಿ ಎತ್ತರದ, ಎರಡು ಬಾಗಿಲಿನ ಕಪಾಟೊಂದನ್ನು ತಂದಿದ್ದೇನೆ. ತೇಗದ್ದೆಂದು ಅಂಗಡಿಯವರು ಹೇಳಿದರು. ತೂಕವನ್ನೂ ಮರದ ಎಳೆಯನ್ನೂ ನೋಡಿದರೆ ನಂಬಬಹುದೆನ್ನಿಸುತ್ತದೆ. ಹೊರಮೈಗೆ ಕಂದು ಪಾಲಿಷ್ ಇದೆ. ಒಳಗಿನ ಹಲಗೆಗಳಿಗೆ ಯಾವಾಗಲೋ ಹಸಿರು ಬಣ್ಣ ಹೊಡೆದಿದ್ದು, ಅದು ಈಗ ಚಕ್ಕೆಚಕ್ಕೆಯಾಗಿ ಏಳುತ್ತಿದೆ. ಹಿಂಬದಿಗೆ ತೆಳುವಾದ ಪ್ಲೈವುಡ್ ಹೊಡೆದಿದ್ದಾರೆ, ಅದಕ್ಕೆ ಏನನ್ನೂ ಬಳಿದಿಲ್ಲ. ಬಸವನಗುಡಿಯ ನಮ್ಮ ಮನೆಯ ಬಚ್ಚಲಿನಲ್ಲಿ, ವಾಷ್ ಬೇಸಿನ್ ಪಕ್ಕದಲ್ಲಿ ಇದನ್ನಿಟ್ಟು ಟವೆಲು, ಸಾಬೂನುಗಳಿಗೆ ಬಳಸಬೇಕೆಂದಿದ್ದೇವೆ. ಬಿಳಿ ಬಣ್ಣವಾದರೆ ಚೆನ್ನವೆಂಬುದು ಮನೆಯವರ ಆಸೆ. ಪಾಲಿಷನ್ನು ಸ್ವಲ್ಪ ಉಜ್ಜಿ ನೇರವಾಗಿ ಎರಡು ಕೋಟ್ ಆಯಿಲ್ ಪೇಂಟ್ ಹೊಡೆದರೆ ಸಾಕೆಂದು ಪೇಂಟರ್ ಹೇಳುತ್ತಾರೆ. ಬಿಸಿನೀರಿನ ಹಬೆಗೆ ಅದು ತಡೆಯುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ 1

ಮೊದಲು ಆ ಪಾಲಿಷ್ ಯಾವುದೆಂದು ತಿಳಿದುಕೊಳ್ಳಿ. ಕಣ್ಣಿಗೆ ಬೀಳದ ಕಡೆ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿಹಿಡಿಯಿರಿ. ಮೈ ಅಂಟಂಟಾಗಿ ಹತ್ತಿಗೆ ಕಂದು ಹತ್ತಿದರೆ ಅದು ಅರಗಿನ ಫ್ರೆಂಚ್ ಪಾಲಿಷ್. ಸ್ಪಿರಿಟ್‌ನಿಂದಲೇ ಒರೆಸಿ ತೆಗೆಯಬಹುದು. ಏನೂ ಆಗದಿದ್ದರೆ ಮೆಲಮೈನ್‌ನಂತಹ ಗಟ್ಟಿ ಪಾಲಿಷ್ ಇರಬಹುದು, ಅದನ್ನು 120ರ ಎಮರಿ ಕಾಗದದಿಂದ ಉಜ್ಜಿ, ಹೊಳಪು ಸಂಪೂರ್ಣ ಹೋದ ಮೇಲೆ 220ರಿಂದ ನಯಗೊಳಿಸಬೇಕಾಗುತ್ತದೆ. ಉಜ್ಜುವ ಮೊದಲೇ ತಿನ್ನರ್‌ನಿಂದ ಒಮ್ಮೆ ಒರೆಸುವುದು ಅಗತ್ಯ, ಏಕೆಂದರೆ ಹಳೆಯ ಮೇಣ, ಎಣ್ಣೆಜಿಡ್ಡುಗಳಿದ್ದರೆ ಉಜ್ಜುವಾಗ ಅವು ಮರದೊಳಕ್ಕೇ ಇಳಿಯುತ್ತವೆ.

ತೇಗದ ಇನ್ನೊಂದು ಗುಣವೆಂದರೆ, ಅದರೊಳಗಿನ ಬಣ್ಣದ ಸತ್ವ ಬಿಳಿಯ ಮೇಲೆ ಹಳದಿ-ಕಂದು ಕಲೆಯಾಗಿ ಮೂಡುತ್ತದೆ. ನೀರು ಬೆರೆಸುವ ಪ್ರೈಮರ್ ಹೊಡೆದರಂತೂ ಕಲೆ ಬೇಗನೆ ಮೇಲೆದ್ದು ಬರುತ್ತದೆ. ಆದ್ದರಿಂದ ಮೊದಲ ಕೋಟು ಅರಗಿನ ಸೀಲರ್ (ಮರದ ರಂಧ್ರಗಳನ್ನು ಮುಚ್ಚುವ ಲೇಪ) ಆಗಿರಲಿ, ಇಲ್ಲವೇ ಎಣ್ಣೆ ಆಧಾರಿತ ವುಡ್ ಪ್ರೈಮರ್ ಆಗಿರಲಿ.

ಆ ಹಸಿರು ಬಣ್ಣದ ವಿಷಯದಲ್ಲಿ ಎಚ್ಚರ ವಹಿಸಿ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನ ಬಣ್ಣವೆಂದೇ ಭಾವಿಸಿ, ಒಣದಾಗಿ ಉಜ್ಜದೆ ನೀರು ಚಿಮುಕಿಸಿ ವಾಟರ್ ಪೇಪರ್‌ನಿಂದ (ನೀರಿನೊಂದಿಗೆ ಬಳಸುವ ಉಜ್ಜುಕಾಗದ) ಉಜ್ಜಿಸಿ. ಒಳ್ಳೆಯ ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಸುಳಿಯದಿರಲಿ.

ಉತ್ತರ 2

ಅಪ್ಪಟ ತೇಗಕ್ಕೆ ಬಿಳಿ ಬಣ್ಣವೇ! ಬೇಸಿನ್ ಪಕ್ಕಕ್ಕೆ ಯಾವುದಾದರೂ ಪಿವಿಸಿ ಕಪಾಟನ್ನು ತಂದು, ಇದಕ್ಕೆ ಪಾಲಿಷ್ ಮಾಡಿಸಿ ಹಜಾರದಲ್ಲಿಡಿ ಎಂಬುದು ನನ್ನ ಸಲಹೆ.

ಉತ್ತರ 3

ಮೇಲಿನವರ ಮಾತು ರುಚಿಗೆ ಸಂಬಂಧಿಸಿದ್ದು, ಬಿಡಿ. ಆದರೆ ಈವರೆಗಿನ ಚರ್ಚೆಯೆಲ್ಲ ಹೊರಮೈಯ ಬಗೆಗೇ ನಡೆದಿದೆ. ಬಚ್ಚಲಿನಲ್ಲಿ ಕಪಾಟು ಹಾಳಾಗುವುದು ಕಣ್ಣಿಗೆ ಕಾಣುವ ಮುಖದಿಂದಲ್ಲ. ಬಣ್ಣ ಕಾಣದ ಹಿಂಬದಿ, ಕಾಲಿನ ಅಡಿ, ಹಲಗೆಯನ್ನು ಅಡ್ಡಕೊಯ್ದ ತುದಿ, ಸ್ಕ್ರೂ ತೂತು, ಇವುಗಳ ಮೂಲಕ ತೇವ ಒಳಹೊಕ್ಕು ಮುಂಭಾಗದ ಬಣ್ಣವನ್ನು ಹಿಂದಿನಿಂದ ಎಬ್ಬಿಸುತ್ತದೆ. ಅಡ್ಡಕೊಯ್ದ ತುದಿ ನೀರನ್ನು ಬತ್ತಿಯ ಹಾಗೆ ಹೀರುವುದರಿಂದ ಅಲ್ಲಿಗೆ ಸೀಲರನ್ನು ಒಂದರ ಮೇಲೊಂದರಂತೆ, ಅದು ಹೀರುವುದನ್ನು ನಿಲ್ಲಿಸುವವರೆಗೆ ಹಚ್ಚಬೇಕು. ಹಿಂಬದಿಯ ತೆಳು ಪ್ಲೈವುಡ್ ಸಾಮಾನ್ಯ ದರ್ಜೆಯದಾಗಿದ್ದರೆ ಪದರ ಬಿಡುತ್ತದೆ. ಅದನ್ನು ಕಿತ್ತು ಐಎಸ್ 710 (ಭಾರತೀಯ ಮಾನಕ) ಮುದ್ರೆಯ, ನೀರು ತಡೆಯುವ ಮರೈನ್ ಪ್ಲೈವುಡ್ ಹಾಕಿಸಿ, ಹೊಡೆಯುವ ಮೊದಲೇ ಅದರ ಎರಡೂ ಮುಖಕ್ಕೆ, ನಾಲ್ಕೂ ಅಂಚಿಗೆ ಬಣ್ಣವಾಗಿರಲಿ. ಬಿರುಕು ಮುಚ್ಚಲು ಗೋಡೆಯ ಪುಟ್ಟಿಯನ್ನು ಬಳಸಲು ಬಿಡಬೇಡಿ, ಅದು ಮರದ ಜೊತೆ ಹಿಗ್ಗಿ ಕುಗ್ಗುವುದಿಲ್ಲ. ಸಣ್ಣ ತೂತುಗಳ ಕೆಳಗೆ ಹಿಟ್ಟಿನಂತಹ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಜೀವಂತವಾಗಿದೆಯೆಂದು ತಿಳಿದು, ಮೊದಲು ಅದಕ್ಕೆ ಔಷಧಿ ಮಾಡಿಸಿ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಧನ್ಯವಾದಗಳು. ಹತ್ತಿಯ ಪರೀಕ್ಷೆ ಮಾಡಿದೆ. ಕಂದು ಬಂತು, ಅರಗಿನದೇ. ಇನ್ನು ಮೇಲಿನ ಕೋಟಿಗೆ ಎನಾಮೆಲ್ಲೋ, ಪಿಯು (ಪಾಲಿಯುರೆಥೇನ್) ಪೇಂಟೋ? ಬಚ್ಚಲಿಗೆ ಚಿಕ್ಕ ಕಿಟಕಿಯಿದೆ, ಬಿಸಿಲು ಬೀಳುವುದಿಲ್ಲ.

ಉತ್ತರ 1 ಬರೆದವರು

ಬೆಳಕು ಕಡಿಮೆಯಿರುವ ಕಡೆ ಎಣ್ಣೆ ಆಧಾರಿತ ಬಿಳಿ ಎನಾಮೆಲ್ ಕ್ರಮೇಣ ಹಳದಿಗೆ ತಿರುಗುತ್ತದೆ. ಅದನ್ನು ಸಹಿಸಲಾರಿರಾದರೆ, ಸೀಲರ್ ಮೇಲೆ ನೀರು ಆಧಾರಿತ ಎನಾಮೆಲ್ ಹೊಡೆಸಿ. ಹಬೆಗೂ ಉಜ್ಜಾಟಕ್ಕೂ ಹೆಚ್ಚು ತಡೆಯುವುದು ಹಾರ್ಡನರ್ (ಬಣ್ಣವನ್ನು ಗಟ್ಟಿಗೊಳಿಸುವ ದ್ರವ) ಬೆರೆಸುವ ಎರಡು ಡಬ್ಬದ ಪಿಯು. ಆದರೆ ಅದಕ್ಕೆ ಅದೇ ಕಂಪನಿಯ ಪಿಯು ಪ್ರೈಮರ್ ಬೇಕು, ಸಾಮಾನ್ಯ ಎಣ್ಣೆ ಪ್ರೈಮರ್ ಮೇಲೆ ಹೊಡೆದರೆ ಅದರ ತಿನ್ನರ್‌ಗೆ ಕೆಳಗಿನ ಪದರ ಸುಕ್ಕುಗಟ್ಟುವ ಸಂಭವವಿದೆ. ಹಾರ್ಡನರ್‌ನ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು, ಆದುದರಿಂದ ಪಿಯು ಸ್ಪ್ರೇ ಕೆಲಸವನ್ನು ಮನೆಯೊಳಗೆ ಮಾಡಿಸಬೇಡಿ, ಆ ಕೆಲಸ ಮಾಡುವ ಅಂಗಡಿಗೇ ಕಪಾಟನ್ನು ಕಳುಹಿಸಿ. ಟವೆಲು ಇಡುವ ಕಪಾಟಿಗೆ ನೀರು ಆಧಾರಿತ ಎನಾಮೆಲ್ಲೇ ಸಾಕೆಂದು ನನ್ನ ಅಭಿಪ್ರಾಯ.

ಮಳೆ ಹಿಡಿದ ದಿನಗಳಲ್ಲಿ ಕೆಲಸಕ್ಕಿಳಿಯಬೇಡಿ. ಮುಟ್ಟಿದರೆ ಅಂಟದ ಮಾತ್ರಕ್ಕೆ ಬಣ್ಣ ಗಟ್ಟಿಯಾಯಿತೆಂದಲ್ಲ, ಎರಡು ಮೂರು ವಾರವಾದರೂ ಹೊರಗೇ ಇಟ್ಟಿದ್ದು ಆಮೇಲೆ ಒಳಗೆ ಸೇರಿಸಿ. ಕಾಲುಗಳಿಗೆ ರಬ್ಬರ್ ಬುಷ್ ಹಾಕಿಸಿ, ಗೋಡೆಯಿಂದ ಒಂದಂಗುಲ ಬಿಟ್ಟು ನಿಲ್ಲಿಸಿ, ಕಬ್ಬಿಣದ ಕೀಲುಗಳಿದ್ದರೆ ಹಿತ್ತಾಳೆಯದನ್ನು ಹಾಕಿಸಿ.